ಕಂಡಕ್ಟರಮ್ಮ ಪಾತ್ರೆ ಸಮೇತ ಅಂಗಡಿಗೆ ಹೋದದ್ದು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕಂಡಕ್ಟರಮ್ಮ ಎಂದೇ ಕರೆಯುತ್ತಾರೆ. ಬಸ್ಸಿನ ಕೆಲಸದಿಂದ ಅವಳು ನಿವೃತ್ತಳಾದರೂ ಗಂಟಲು ಇನ್ನೂ ನಿವೃತ್ತವಾಗಿಲ್ಲ. ಹೋದ ವರ್ಷ ಲಕ್ವ ಹೊಡೆದು ಎಡಗೈ ಸೋತಿತು. ಹಠ ಮಾತ್ರ ಇದ್ದ ಹಾಗೆಯೇ ಉಳಿಯಿತು, ಬೇಕಾದರೆ ಒಂದು ಹಿಡಿ ಹೆಚ್ಚಾಯಿತು ಅನ್ನಿ.

ಅಂದಿನಿಂದ ಊಟ ತಂಗಿಯ ಮನೆಯಿಂದ ಬರತೊಡಗಿತು. ತಂಗಿ ಪಕ್ಕದ ಬೀದಿಯವಳು, ಕರುಳಿನವಳು. ತನ್ನ ಮನೆಯ ಅಡುಗೆ ಮುಗಿಸಿ, ಡಬ್ಬಿ ಹಿಡಿದು, ಬಿಸಿಲಾದರೂ ಸರಿ ಮಳೆಯಾದರೂ ಸರಿ, ಬಂದೇ ಬರುತ್ತಿದ್ದಳು. ಕೊನೆಗೆ ಒಂದು ದಿನ ಮಾತು ತೆಗೆದಳು.

"ಅಕ್ಕಾ, ಈ ಮನೆ ಬಿಟ್ಟು ನಮ್ಮ ಜೊತೆ ಬಂದ್ಬಿಡು. ಕಾಫಿಗೆ ಅಂತ ಒಂದು ಕೈಯಲ್ಲಿ ನೀನು ಒಲೆ ಮುಂದೆ ನಿಲ್ತೀಯ ಅಂದ್ರೂ ನನಗೆ ನಿದ್ದೆ ಬರಲ್ಲ."

"ಬಂದು ಏನು ಮಾಡ್ಲಿ? ನೀನು ಬಡಿಸಿದ್ದು ತಿಂದ್ಕೊಂಡು ಟಿವಿ ಮುಂದೆ ಕೂತಿರ್ಲಾ?"

ಮಾತಿಗೆ ಮಾತು ಬೆಳೆದು ಪಂದ್ಯವೇ ಆಗಿಹೋಯಿತು. ಭಾನುವಾರ ಮಧ್ಯಾಹ್ನ ತಂಗಿಯ ಮನೆಯವರಿಗೆಲ್ಲ ಕಂಡಕ್ಟರಮ್ಮ ತನ್ನ ಮನೆಯಲ್ಲಿ ತಾನೊಬ್ಬಳೇ ಅಡುಗೆ ಮಾಡಿ ಬಡಿಸಬೇಕು, ಬೇರೆ ಯಾರ ಕೈಯೂ ಸೇರಕೂಡದು. ಆಗಲಿಲ್ಲವೋ, ಗಂಟುಮೂಟೆ ಕಟ್ಟಿ ತಂಗಿಯ ಮನೆಗೆ ಹೊರಡಬೇಕು.

ಕುಂಬಳಕಾಯಿ ಸೂಪು ಮಾಡುವುದೆಂದು ಅವಳು ತೀರ್ಮಾನಿಸಿದಳು. ಅದಕ್ಕೆ ಕಾರಣವಿತ್ತು. ತರಕಾರಿಯವನೇ ಹೋಳು ಮಾಡಿ ಕೊಡುತ್ತಾನೆ, ಬೆಂದ ಮೇಲೆ ತಿರುಳನ್ನು ಚಮಚದಲ್ಲಿ ಕೆರೆದರೆ ಸಾಕು. ಅಲ್ಲಿಯವರೆಗೆ ಒಂದು ಕೈ ಧಾರಾಳವಾಗಿ ಸಾಲುತ್ತದೆ. ಬಂದ ಕಷ್ಟವೆಲ್ಲ ಅದನ್ನು ನುಣ್ಣಗೆ ಮಾಡುವುದರಲ್ಲಿ. ಸೌಟಿನಿಂದ ಮಸೆಯಲು ಹೋದರೆ ಪಾತ್ರೆ ಕಟ್ಟೆಯ ಮೇಲೆಲ್ಲ ಓಡಾಡಿತು. ಮಿಕ್ಸಿಯ ಜಾರನ್ನು ತಿರುಗಿಸಿ ಕೂರಿಸಲು, ಮುಚ್ಚಳ ಅದುಮಲು ಎರಡು ಕೈ ಬೇಕು. ಗಂಟು ಗಂಟು ಸೂಪನ್ನು ತಂಗಿಯ ಗಂಡನ ಮುಂದೆ ಇಡುವ ಹಾಗೂ ಇಲ್ಲ. ಅವನೋ ತಟ್ಟೆಯಲ್ಲಿ ಒಂದು ಗಂಟು ಸಿಕ್ಕರೆ ಕಳ್ಳನನ್ನು ಹಿಡಿದವನಂತೆ ಎತ್ತಿ ಎಲ್ಲರಿಗೂ ತೋರಿಸುವ ಆಸಾಮಿ.

ಹಾಗಾಗಿ ಶನಿವಾರ ಬೆಳಗ್ಗೆ ಅವಳು ಬೆಂದ ಕುಂಬಳಕಾಯಿ ತುಂಬಿದ ಪಾತ್ರೆಗೆ ಬಟ್ಟೆ ಸುತ್ತಿ, ಹಲ್ಲಿನಿಂದ ಗಂಟು ಬಿಗಿದು, ಚೀಲದಲ್ಲಿಟ್ಟುಕೊಂಡು ಮಿಕ್ಸಿ, ಫ್ಯಾನು ಮಾರುವ ಅಂಗಡಿಗೆ ಹೋದಳು.

"ಹ್ಯಾಂಡ್ ಬ್ಲೆಂಡರ್ ತೋರ್ಸಪ್ಪ, ಅದೇ ಕೈಯಲ್ಲಿ ಹಿಡ್ದು ಪಾತ್ರೆಗೇ ಇಳ್ಸಿ ಅರೆಯೋದು. ನೀರಲ್ಲಿ ಆಡ್ಸಿ ತೋರ್ಸೋದು ಬೇಡ, ಇದರಲ್ಲಿ ಆಡ್ಸಿ ನೋಡ್ತೀನಿ," ಎಂದು ಪಾತ್ರೆಯನ್ನು ಕೌಂಟರಿನ ಮೇಲೆ ಕುಕ್ಕಿದಳು.

ಅಂಗಡಿಯವನು ಕಕ್ಕಾಬಿಕ್ಕಿಯಾದ. ಆದರೂ ವ್ಯಾಪಾರ ನೋಡಿ, ಎಲ್ಲಕ್ಕಿಂತ ದೊಡ್ಡದನ್ನೇ ಇಳಿಸಿದ. "ಸಾವಿರ ವ್ಯಾಟ್ ಅಮ್ಮ. ಕಲ್ಲು ಹಾಕಿದ್ರೂ ಹಿಟ್ಟಾಗುತ್ತೆ."

"ನಾನು ಕಲ್ಲು ತಿನ್ನಲ್ಲಪ್ಪ."

ಅದಕ್ಕೆ ಮೇಲೊಂದು ಲಾಕು, ಕೆಳಗೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಬೇಕು, ಅವಳ ಹೆಬ್ಬೆರಳು ಅಲ್ಲಿಗೆ ಎಟುಕಲೊಲ್ಲದು. "ಇನ್ನೊಂದು ಕೈಯಲ್ಲಿ ಲಾಕ್ ಒತ್ತಿ ಅಮ್ಮ," ಎಂದ ಅವನು, ಜೋತುಬಿದ್ದ ಎಡಗೈ ಕಂಡು ನಾಲಿಗೆ ಕಚ್ಚಿಕೊಂಡ.

"ಪರವಾಗಿಲ್ಲ, ಬೇರೆ ಕೊಡು," ಎಂದಳು ಅವಳು.

ಎರಡನೆಯದು ಒಂದೇ ಗುಂಡಿಯದು. ಗುರ್ರೆಂದು ಚೆನ್ನಾಗಿಯೇ ಅರೆಯಿತು. ನಿಲ್ಲಿಸಿ ಎತ್ತಿದಳು ನೋಡಿ, ಪಾತ್ರೆಯೂ ಜೊತೆಗೇ ಎದ್ದು ಬಂತು! ಯಂತ್ರದ ಬಾಯಿಗೆ ಕಚ್ಚಿಕೊಂಡು ನೇತಾಡಿತು. ಹಿಡಿದು ಬಿಡಿಸಲು ಇನ್ನೊಂದು ಕೈ ಎಲ್ಲಿಂದ ತರುವುದು? ಅವಳು ಕೊಡವಿದಳು. ಪಾತ್ರೆ ಧೊಪ್ಪೆಂದು ಬಿದ್ದು ಅಂಗಡಿಯವನ ಅಂಗಿಗೆಲ್ಲ ಕುಂಬಳಕಾಯಿಯ ಅಭಿಷೇಕವಾಯಿತು. ಕಂಡಕ್ಟರಮ್ಮನ ಮುಖ ಬಾಡಿತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವಳಿಗೆ ಅಳುವೇ ಬಂದಿತ್ತು. ಮನಸ್ಸಿನಲ್ಲೇ ಬಟ್ಟೆಬರೆ ಮಡಚತೊಡಗಿದ್ದಳು.

ಅಂಗಡಿಯವನು ಮಾತ್ರ ಅಂಗಿ ಒರೆಸಿಕೊಳ್ಳುವುದನ್ನೂ ಮರೆತು ಯಂತ್ರವನ್ನು ತಲೆಕೆಳಗು ಮಾಡಿ ನೋಡುತ್ತಿದ್ದ. "ಅಮ್ಮಾ, ಇಲ್ನೋಡಿ. ಬ್ಲೇಡಿನ ಸುತ್ತ ಇರೋ ಈ ಬಟ್ಟಲಿಗೆ ಕಂಡಿನೇ ಇಲ್ಲ. ಗಾಳಿ ಆಡಲ್ಲ, ಅದಕ್ಕೇ ತಳಕ್ಕೆ ಕಚ್ಕೋತಿದೆ. ತಡೀರಿ, ತಡೀರಿ."

ಅವನಿಗೂ ಹುಮ್ಮಸ್ಸು ಬಂದಿತ್ತು. ಕೆಳಗಿನ ಕಪಾಟಿನ ಡಬ್ಬಿಗಳನ್ನೆಲ್ಲ ಬಿಚ್ಚಿ, ಒಂದೊಂದರ ಬಾಯಿ ನೋಡಿ, ಕೊನೆಗೆ ಒಂದನ್ನು ತಂದ. ವ್ಯಾಟ್ ಕಡಿಮೆ, ತೂಕವೂ ಕಡಿಮೆ. ಬಿಸಿ ತಾಳುವ ಸ್ಟೀಲಿನ ಕೊಳವೆ, ಒಂದೇ ಗುಂಡಿ, ಬಟ್ಟಲಿನ ಅಂಚಿಗೆ ಅಗಲವಾದ ಕಂಡಿಗಳು. ಪಾತ್ರೆಯ ಅಡಿಗೆ ಒದ್ದೆ ಬಟ್ಟೆಯನ್ನೂ ಅವನೇ ಹಾಸಿದ. ಅವಳು ಗುಂಡಿ ಒತ್ತಿದಳು. ಉಳಿದಿದ್ದ ಕುಂಬಳಕಾಯಿ ಕಣ್ಣೆದುರೇ ಬೆಣ್ಣೆಯಾಯಿತು. ನಿಲ್ಲಿಸಿ ಎತ್ತಿದಳು. ಯಂತ್ರ ಮಾತ್ರ ಮೇಲೆ ಬಂತು, ಪಾತ್ರೆ ಕೂತಲ್ಲೇ ಕೂತಿತ್ತು.

"ರೈಟ್!" ಎಂದು ಅವಳು ಕೂಗಿದ ಕೂಗಿಗೆ ರಸ್ತೆಯಲ್ಲಿದ್ದ ಆಟೋದವನು ತಿರುಗಿ ನೋಡಿದ.

ಭಾನುವಾರ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. "ಪಾತ್ರೆ ಹಿಡ್ಕೊಳ್ಳಾ ಅಕ್ಕಾ?"

"ಮುಟ್ಟಿದ್ರೆ ನೋಡು!"

ಒಲೆ ಆರಿಸಿ, ಪಾತ್ರೆ ಜಾರದಂತೆ ಒದ್ದೆ ಬಟ್ಟೆಯ ಮೇಲೆ ನಿಲ್ಲಿಸಿ, ಬಿಸಿ ತುಸು ಇಳಿಯುವವರೆಗೆ ಅವಳು ಕಾದಳು. ಬ್ಲೇಡು ಪೂರ್ತಿ ಮುಳುಗಿದ ಮೇಲೆಯೇ ಗುಂಡಿ ಒತ್ತಿದಳು, ಪೂರ್ತಿ ನಿಂತ ಮೇಲೆಯೇ ಎತ್ತಿದಳು. ಒಂದು ಹನಿ ಆಚೆ ಸಿಡಿಯಲಿಲ್ಲ. ಆಮೇಲೆ ಒಂದೇ ಕೈಯಲ್ಲಿ, ಒಂದೊಂದೇ ಬಟ್ಟಲು ತುಂಬಿಸಿ ತಂದಿಟ್ಟಳು. ನಡಿಗೆಯಲ್ಲಿ ಗತ್ತಿತ್ತು, ಇರಬೇಕಾದ್ದೇ.

ತಂಗಿಯ ಗಂಡ ಚಮಚದಿಂದ ತಳವನ್ನೆಲ್ಲ ಶೋಧಿಸಿದ. ಏನೂ ಸಿಗಲಿಲ್ಲ. "ಅತ್ತಿಗೆ, ಇನ್ನೊಂದು ಸೌಟು ಹಾಕಿ," ಎಂದು ಬಟ್ಟಲು ಮುಂದೆ ಚಾಚಿದ. ಪಂದ್ಯ ಅಲ್ಲಿಗೇ ಮುಗಿಯಿತು.

ತಂಗಿ ಮಾತ್ರ ತಲೆ ಎತ್ತದೆ, ಬಟ್ಟಲು ಬರಿದಾಗುವವರೆಗೂ ಕುಡಿದಳು. ತಲೆ ಎತ್ತಿದಾಗ ಕಣ್ಣು ತುಂಬಿ ಬಂದಿತ್ತು.

"ಯಾಕೇ, ಸೋತೆ ಅಂತ ಬೇಜಾರಾ?"

"ಅಲ್ಲಕ್ಕಾ. ಇನ್ನೊಬ್ಬರು ಮಾಡಿ ಬಡಿಸಿದ್ದನ್ನ ಕೂತ್ಕೊಂಡು ತಿಂದು ಎಷ್ಟು ದಿನ ಆಗಿತ್ತೋ..."

ತನ್ನ ಸೋತ ಕೈಯನ್ನೇ ನೋಡಿಕೊಂಡಿದ್ದ ಕಂಡಕ್ಟರಮ್ಮನಿಗೆ ಎರಡು ಮನೆಗೂ ಬೇಯಿಸಿ ಸೋತ ತಂಗಿಯ ಕೈ ಈವರೆಗೆ ಕಂಡಿರಲಿಲ್ಲ. ಅವಳು ಎದ್ದು, ತಂಗಿಯ ಬಟ್ಟಲಿಗೆ ಅಂಚಿನವರೆಗೂ ಸೂಪು ಸುರಿದಳು.

"ಕೂತ್ಕೊಂಡೇ ತಿನ್ನು," ಎಂದಳು. "ಇನ್ಮೇಲೆ ಭಾನುವಾರ ನಿನ್ನ ಮನೆ ಒಲೆ ಹಚ್ಚೋ ಹಾಗಿಲ್ಲ. ಎಲ್ಲರಿಗೂ ಊಟ ಇಲ್ಲೇ."