ಬಸವಂತರಾಯರು ತೂರಿಬಿಟ್ಟ ಫೈಲು

ಸಿಂಧನೂರಿನ ಭತ್ತದ ವ್ಯಾಪಾರಿ ಬಸವಂತರಾಯರು ಯಾರನ್ನೂ ನಂಬುವುದಿಲ್ಲ. ಇದು ನನ್ನ ಚಾಡಿ ಮಾತಲ್ಲ, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ದಢೇಸುಗೂರಿನ ರೈತನ ಚೀಲವಾಗಲಿ, ಸ್ವಂತ ಅಳಿಯನ ಚೀಲವಾಗಲಿ, ಮೂರು ಕಡೆ ಕಬ್ಬಿಣದ ಕೊಳವೆ ಚುಚ್ಚಿ, ಉದುರಿದ ಕಾಳನ್ನು ಅಂಗೈಯಲ್ಲಿಟ್ಟು ಊದಿ ನೋಡಲೇಬೇಕು. ಹಾರಿದ್ದು ಜೊಳ್ಳು, ಉಳಿದದ್ದು ಕಾಳು. ಅರವತ್ತು ವರ್ಷ ಇದೊಂದೇ ನಂಬಿಕೆಯ ಮೇಲೆ ಬದುಕಿದ ಮನುಷ್ಯ. ಮನೆಯವರ ವಿಡಿಯೋ ಯಾರಾದರೂ ಫೋನಿನಲ್ಲಿ ಹಿಡಿದರೆ ಎದುರಿಗೇ ಅಳಿಸಿಹಾಕಿಸುತ್ತಿದ್ದರು.

ಹಾಗಾಗಿ ಅವರ ಹೆಂಡತಿ ಬಸವಣ್ಣೆಮ್ಮ ಯುಗಾದಿಗೆ ಮುಂಚೆ ತೀರಿಕೊಂಡಾಗ ಆಕೆಯ ದನಿ ಒಂದೇ ಒಂದು ಕಡೆ ಉಳಿದಿತ್ತು. ಮಗಳು ಶಿವಗಂಗಾಳ ಮದುವೆ ಲಿಂಗಸುಗೂರಿನಲ್ಲಿ ನಡೆದಾಗ ಬೀಗರು ಕರೆಸಿದ್ದ ಸ್ಟುಡಿಯೋದವನು ಎಲ್ಲವನ್ನೂ ತನ್ನ ವೆಬ್‌ಸೈಟಿನಲ್ಲಿ ಲೈವ್ ಬಿಟ್ಟಿದ್ದ. ಮದುಮಕ್ಕಳಿಗೆ ಸುರಗಿಯ ನೀರೆರೆಯುವ ಹೊತ್ತಿಗೆ ಬಸವಣ್ಣೆಮ್ಮ ಹಾಡಿದ ಸೋಬಾನೆ ಅದರಲ್ಲಿತ್ತು. ಈಗ ಬಸುರಿ ಶಿವಗಂಗಾಳಿಗೆ ಮಸ್ಕಿಯ ಗಂಡನ ಮನೆಯಲ್ಲಿ ಕುಬಸ ಮಾಡುವವರಿದ್ದರು. ಅವ್ವನ ಹಾಡು ಹಚ್ಚದಿದ್ದರೆ ಮಣೆಯ ಮೇಲೆ ಕೂರುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಳು. ಸ್ಟುಡಿಯೋದವನನ್ನು ಕೇಳಿದರೆ, ಮೂಲ ಡಿಸ್ಕು ಕೆಟ್ಟಿದೆ, ವೆಬ್‌ಸೈಟೂ ಭಾನುವಾರಕ್ಕೆ ಮುಚ್ಚುತ್ತದೆ ಅಂದ.

‘ಸುಳ್ಳ ಹೇಳಾಕತ್ತಾನ ಅವ’ ಎನ್ನುತ್ತಲೇ ರಾಯರು ಶುಕ್ರವಾರ ನನ್ನ ಅಂಗಡಿಗೆ ಬಂದರು. ನಾನು ಶಿವಕುಮಾರಿ, ಬಸ್‌ಸ್ಟ್ಯಾಂಡ್ ಹತ್ತಿರ ಆನ್‌ಲೈನ್ ಅರ್ಜಿ, ಜೆರಾಕ್ಸ್ ಅಂಗಡಿ ನನ್ನದು.

ಆ ಪುಟದಲ್ಲಿ ವಿಡಿಯೋ ಇಳಿಸಿಕೊಳ್ಳುವ ಗುಂಡಿಯೇ ಇರಲಿಲ್ಲ. ಬ್ರೌಸರಿಗೆ ವಿಡಿಯೋ ಇಳಿಸಿಕೊಡುವ ಒಂದು ಎಕ್ಸ್‌ಟೆನ್ಶನ್ ಸೇರಿಸಲು ಹೋದೆ. ನೀವು ನೋಡುವ ಎಲ್ಲ ವೆಬ್‌ಸೈಟುಗಳ ಮಾಹಿತಿ ಓದಲು ಅನುಮತಿ ಕೊಡಿ ಎಂದು ಅದು ಕೇಳಿತು. ರಾಯರ ಬೆರಳು ಪರದೆಯ ಮೇಲೆ ಬಂತು.

‘ಒಂದು ಹಾಡ ಇಳಸಾಕ ಊರ ಮಂದಿ ಜಾತಕ ಯಾಕ ಬೇಕು ಇದಕ್ಕ?’

ಅವರ ಆ ಪ್ರಶ್ನೆ ನ್ಯಾಯವೇ. ಏನೂ ಇಲ್ಲದ ಹಳೇ ಲ್ಯಾಪ್‌ಟಾಪಿನಲ್ಲಿ ಹಾಕುತ್ತೇನೆ, ಕೆಲಸ ಮುಗಿದ ಮೇಲೆ ತೆಗೆದುಹಾಕುತ್ತೇನೆ ಎಂದು ಒಪ್ಪಿಸಿದೆ.

ಮೊದಲ ಸಲ ಇಳಿದದ್ದು ಹತ್ತು ಕೆಬಿಯ ಒಂದು ಚೂರು.

‘ಖಾಲಿ ಚೀಲ ಕೊಟ್ಟಿ. ಮಾಲೆಲ್ಲಿ?’

‘ಸಾವ್ಕಾರ್ರ, ವಿಡಿಯೋ ಸಾವಿರ ತುಂಡಾಗಿ ಬರತೈತ್ರಿ. ಇದು ಆ ತುಂಡು ಎಲ್ಲೆಲ್ಲಿ ಅದಾವ ಅನ್ನೋ ಪಟ್ಟಿ ಅಷ್ಟ.’

ನಂಬಲಿಲ್ಲ. ಬೇರೊಂದು ಎಕ್ಸ್‌ಟೆನ್ಶನ್ ಹಾಕಿದೆ, ಪುಟವನ್ನು ಮತ್ತೆ ತೆರೆದೆ, ವಿಡಿಯೋ ಓಡಲು ಬಿಟ್ಟು ಆಮೇಲೆ ಗುಂಡಿ ಒತ್ತಿದೆ. ಮುಕ್ಕಾಲು ತಾಸಿಗೆ, ರಾಯರು ಚಾ ಕುಡಿದು ಬರುವಷ್ಟರಲ್ಲಿ, ಎರಡು ಫೈಲು ಇಳಿದಿದ್ದವು, ಒಂದು ದೊಡ್ಡದು, ಒಂದು ಸಣ್ಣದು.

‘ಒಂದರಾಗ ಚಿತ್ರ ಐತಿ, ಇನ್ನೊಂದರಾಗ ದನಿ ಐತ್ರಿ. ಎರಡೂ ಕೂಡಿಸಿ ಕೊಡತೀನಿ.’

‘ಕೂಡಸೋದು ಬ್ಯಾಡ. ಕೂಡಸುವಾಗನ ಕಲಬೆರಕಿ ಆಗೋದು. ಬಂದದ್ದು ಬಂದಂಗ ಕೊಡು.’

ದನಿಯನ್ನಾದರೂ ಕೇಳಿಸುತ್ತೇನೆ ಎಂದರೆ, ಮಂದಿಯ ಮುಂದೆ ಹಚ್ಚಬೇಡ ಎಂದರು. ದೊಡ್ಡ ಫೈಲನ್ನು ಮಾತ್ರ ಮೊದಲು, ನಡುವೆ, ಕೊನೆಗೆ, ಮೂರು ಕಡೆ ಓಡಿಸಿ ನೋಡಿದರು, ಥೇಟ್ ಚೀಲಕ್ಕೆ ಚುಚ್ಚಿದ ಹಾಗೆ. ಪೆನ್‌ಡ್ರೈವಿಗೆ ಹಾಕಿಸಿಕೊಂಡ ಮೇಲೆ ನನ್ನ ಲ್ಯಾಪ್‌ಟಾಪಿನಿಂದ ಎರಡನ್ನೂ ಅಳಿಸಿಹಾಕಿಸಿದರು.

‘ಬ್ಯಾರೆ ಎಲ್ಲೂ ಇಟ್ಟಿಲ್ಲಲ್ಲ? ಆಣಿ ಮಾಡು.’

‘ಬಸವಣ್ಣನ ಆಣಿ, ಇಟ್ಟಿಲ್ರಿ.’

ಸೋಮವಾರ ಅಂಗಡಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು.

‘ಹಾಡು ಕೇಳವಲ್ದು’ ಅಂದರು.

‘ಎರಡನೇ ಫೈಲು ಹಚ್ಚೀರೇನ್ರಿ?’

‘ಟಿವಿಯಾಗ ತೆರೀಲಿಲ್ಲ ಅದು. ದೊಡ್ಡದು ಎಂಟನೂರು ಎಂಬಿ, ಅದು ಬರೇ ಅರವತ್ತು. ಹಗುರ ಇತ್ತು. ಜೊಳ್ಳು ಅಂತ ತೂರಿಬಿಟ್ಟೆ.’

ನನಗೆ ಸಿಟ್ಟು ನೆತ್ತಿಗೇರಿತು. ಕೂಡಿಸಿ ಕೊಡುತ್ತೇನೆ ಎಂದು ಬಾಯಿ ಬಡಿದುಕೊಂಡಿದ್ದೆನಲ್ಲ! ಸ್ಟುಡಿಯೋದ ಪುಟ ತೆರೆದೆ. ಮುಚ್ಚಿತ್ತು. ಅವನು ಒಂದು ಮಾತೂ ಸುಳ್ಳು ಹೇಳಿರಲಿಲ್ಲ. ಅದನ್ನೂ ಅವರ ಮುಖಕ್ಕೆ ಹೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವರೇ ಅಂದರು: ‘ಹಾಡು ಹೋಗಲಿ ಬಿಡು. ನಡುವ ಹಾಡ ನಿಂದರಿಸಿ ಆಕಿ ನನ್ನ ಕಡೆ ತಿರುಗಿ ಏನೋ ಅಂದಾಳ. ಅವತ್ತ ನನ್ನ ಕಿವಿಗೆ ಬಿದ್ದಿಲ್ಲ. ರಾತ್ರಿಯೆಲ್ಲ ಬರೇ ತುಟಿ ನೋಡೀನಿ. ಏನಂದಾಳ ಅಂತ ತಿಳೀವಲ್ದು.’

ನಾನು ಮಾಡಿದ್ದನ್ನು ಹೇಳಿದರೆ ಊರಿಗೆಲ್ಲ ಕಳ್ಳಿಯಾಗುತ್ತೇನೆ. ಆದರೂ ಹೇಳಿದೆ.

‘ಸಾವ್ಕಾರ್ರ, ನಾ ಸುಳ್ಳ ಆಣಿ ಮಾಡೀನ್ರಿ. ನೀವು ಚಾ ಕುಡಿಯಾಕ ಹೋದಾಗ ಒಳಗಿನ ಕಂಪ್ಯೂಟರಿಗೆ ಒಂದು ಕಾಪಿ ಹಾಕಿದ್ದೆ. ಪೆನ್‌ಡ್ರೈವ್ ಕಳಕೊಂಡು ಮಂದಿ ಅಳಕೋತ ಬರತಾರ, ಅದಕ್ಕ ಎಲ್ಲಾರದೂ ಒಂದು ಇಟ್ಟಿರತೀನಿ.’

ಅವರು ನನ್ನನ್ನೇ ದಿಟ್ಟಿಸಿದರು. ‘ನನಗ ಶಕ್ ಇತ್ತು’ ಎಂದರು. ‘ಇತ್ತು ಅಂತನ ಮೆಟ್ಟಲ ಹತ್ತಿ ಬಂದೀನಿ. ಹಚ್ಚು.’

ಎರಡೂ ಫೈಲು ಕೂಡಿಸಿ ಹಚ್ಚಿದೆ. ಜೆರಾಕ್ಸಿಗೆ ಬಂದ ನಾಲ್ಕು ಮಂದಿ ಬಾಗಿಲಲ್ಲಿ ನಿಂತಿದ್ದರು. ಈ ಸಲ ರಾಯರು ಮಂದಿಯ ಮುಂದೆ ಹಚ್ಚಬೇಡ ಎನ್ನಲಿಲ್ಲ. ಸುರಗಿಯ ನೀರಿನ ಸದ್ದಿನ ನಡುವೆ ಬಸವಣ್ಣೆಮ್ಮನ ತುಂಬು ದನಿ ಅಂಗಡಿಯನ್ನೆಲ್ಲ ತುಂಬಿತು. ಪರದೆಯ ಮೂಲೆಯಲ್ಲಿ ರಾಯರು ಬಗ್ಗಿ, ಬೀಗರಿಗೆ ಕೊಟ್ಟ ತಂಬಿಗೆಗಳು ಸರಿಯಾಗಿ ವಾಪಸು ಬಂದವೋ ಎಂದು ಎಣಿಸುತ್ತಿದ್ದರು. ಆಕೆ ಹಾಡು ನಿಲ್ಲಿಸಿ ಆ ಕಡೆ ತಿರುಗಿದಳು.

‘ಅವೆಲ್ಲಿಗೂ ಹೋಗೂದಿಲ್ರಿ. ನಾ ಇರೂತನಕ ನನ್ನ ಹಾಡು ಕೇಳ್ರಿ ಒಂದೀಟು.’

ಸುತ್ತಲಿನ ಹೆಂಗಸರೆಲ್ಲ ನಕ್ಕರು. ಆಕೆಯೂ ನಕ್ಕು ಮತ್ತೆ ಹಾಡಿಗೆ ತಿರುಗಿದಳು. ಪರದೆಯ ಮೇಲಿನ ರಾಯರು ಎಣಿಸುತ್ತಲೇ ಇದ್ದರು.

ನನ್ನ ಎದುರಿದ್ದ ರಾಯರು ಸ್ಟೂಲನ್ನು ಹತ್ತಿರಕ್ಕೆಳೆದು ಕೂತರು. ಮುಂದಕ್ಕೆ ಓಡಿಸು ಎನ್ನಲಿಲ್ಲ, ಹಿಂದಕ್ಕೆ ಓಡಿಸು ಎನ್ನಲಿಲ್ಲ. ಸೋಬಾನೆ ಮುಗಿಯುವವರೆಗೂ ಮುಖ ಒರೆಸಿಕೊಳ್ಳದೆ ಕೇಳಿದರು.