ಗಾಯರಾಣ ಖಾಲಿ ಇರಲಿಲ್ಲ

ನಮ್ಮ ಊರಿನ ಗಾಯರಾಣ, ಅಂದರೆ ದನ ಮೇಯುವ ಊರ ಜಾಗ, ಕೈತಪ್ಪಿ ಹೋದದ್ದು ಅಕ್ಕೋರಿಂದ ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಸುಳ್ಳು. ಹೇಳುವವರಲ್ಲಿ ನನ್ನ ರಕ್ತಸಂಬಂಧಿಗಳೂ ಇದ್ದಾರೆ. ನಿಜ ಬಲ್ಲವರಲ್ಲಿ ಉಳಿದವರು ಕಡಿಮೆ. ಆದ್ದರಿಂದ ಇದನ್ನು ಬರೆಯುವುದು ನನ್ನ ಪಾಲಿಗೆ ಬಂದಿದೆ.

ಅಕ್ಕೋರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಅವರ ಬೆರಳುಗಳು. ಬ್ಯಾಡಗಿಯ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು. ಆ ಬಣ್ಣ ಉಗುರಿನ ಸಂದಿಗೆ ಇಳಿದರೆ ಸಾಬೂನಿಗೆ ಜಗ್ಗುವುದಿಲ್ಲ. ಸಮೀಕ್ಷೆಗೆಂದು ಕೂಲಿ ಹೆಂಗಸರ ಜೊತೆ ಮೆಣಸಿನಕಾಯಿ ಬಿಡಿಸಲು ಕೂತ ಆ ಬೇಸಿಗೆಯಲ್ಲಿ ಅವರ ಹತ್ತೂ ಬೆರಳ ತುದಿ ಮೆಹಂದಿ ಹಚ್ಚಿದಂತೆ ಕೆಂಪಾಗಿರುತ್ತಿದ್ದವು. ಮದುವೆಯಾಗದ ಹೆಂಗಸಿನ ಕೈ ಹಾಗೆ ಕಂಡರೆ ಕಾಲೇಜಿನ ಉಪನ್ಯಾಸಕರ ಕೊಠಡಿಯಲ್ಲಿ ಸುಮ್ಮನಿರುತ್ತಾರೆಯೇ?

“ಏನ್ರಿ ಮೇಡಂ, ಲಗ್ನ ಗೊತ್ತಾತೇನು?”

“ಹೂಂನ್ರಿ. ಮೆಣಸಿನಕಾಯಿ ಜೋಡಿ. ಊಟಕ್ಕ ಬರ್ರಿ, ಆದ್ರ ಕರ್ಚೀಫ್ ತರೂದು ಮರೀಬ್ಯಾಡ್ರಿ.”

ಅವರು ಹಾವೇರಿಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು. ಮನೆ ರಾಣೆಬೆನ್ನೂರಿನಲ್ಲಿ. ಮನೆಯೊಳಗೆ ತಂಗಿಯೊಡನೆ ಉರ್ದು, ಹೊಸ್ತಿಲು ದಾಟಿದರೆ ನಮ್ಮೆಲ್ಲರಿಗಿಂತ ಗಟ್ಟಿಯಾದ ಕನ್ನಡ. ಹಳ್ಳಿಗಳಲ್ಲಿ ಶಾಲೆಯ ಶಿಕ್ಷಕಿಯನ್ನು ಕರೆಯುವಂತೆ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ನಾನು ಅವರ ವಿದ್ಯಾರ್ಥಿನಿ. ಬಿ.ಎ. ಮುಗಿಸಿ ಮನೆಯಲ್ಲಿದ್ದಾಗ ಅವರ ಸಮೀಕ್ಷೆಯ ಕೆಲಸಕ್ಕೆ ಸೇರಿದೆ. ಆ ಸಮೀಕ್ಷೆ ನಡೆದದ್ದು ನನ್ನದೇ ಊರಿನಲ್ಲಿ, ಹಲಗೇರಿಯಿಂದ ಒಂದಿಷ್ಟು ಒಳಗೆ.

ಎಂಬತ್ತರ ದಶಕದ ಮಾತು. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ಪಾಳುಬಿದ್ದ ಸರಕಾರಿ ಜಮೀನುಗಳಲ್ಲಿ ನೀಲಗಿರಿ ಬೆಳೆಸಬೇಕೆಂದು ಯೋಜನೆಯಾಗಿ, ಅಂಥ ಜಮೀನು ಗುರುತಿಸಲು ಒಂದು ಸಮಿತಿ ನೇಮಕವಾಯಿತು. ಊರ ದನಕರುಗಳಿಗೆಂದು ಅಜ್ಜ ಮುತ್ತಜ್ಜರ ಕಾಲದಿಂದ ಬಿಟ್ಟಿದ್ದ ಹುಲ್ಲುಗಾವಲು ನಮ್ಮ ಗಾಯರಾಣ. ಸಮಿತಿಯವರು ಅದನ್ನು ನೋಡಲು ಬಂದದ್ದು ಮಾರ್ಚ್ ತಿಂಗಳ ಬಿಸಿಲಿನಲ್ಲಿ. ಜೀಪಿನಿಂದ ಇಳಿದವರು ಇಬ್ಬರು, ಇಳಿಯದವರು ಮೂವರು. ಒಂದು ದನವಿಲ್ಲ, ಒಂದು ಕುರಿಯಿಲ್ಲ, ಹುಲ್ಲು ಕೊಯ್ಯುವ ಒಬ್ಬ ಹೆಂಗಸೂ ಇಲ್ಲ. “ಜನರ ಬಳಕೆಯಲ್ಲಿಲ್ಲದ ಪಾಳು ಜಮೀನು” ಎಂದು ಬರೆದುಕೊಂಡು ಹೋದರು.

ಊರು ಎದ್ದಿತು. ಮುಂದಾಳು ನನ್ನ ದೊಡ್ಡಪ್ಪ. ತಕರಾರು ಅರ್ಜಿ ಹೋಯಿತು. ಊರಿನವರು ಬೇರೆ ಅಧ್ಯಯನ ಮಾಡಿಸಿ ತಂದರೆ ಪರಿಶೀಲಿಸುವುದಾಗಿ ಸಮಿತಿ ಒಪ್ಪಿತು. ದೊಡ್ಡಪ್ಪನೇ ರಾಣೆಬೆನ್ನೂರಿಗೆ ಹೋಗಿ ಅಕ್ಕೋರನ್ನು ಕೇಳಿಕೊಂಡ. ಜೊತೆಗೆ ನಾನಿದ್ದೆ.

“ಬರತೇನ್ರಿ ಗೌಡ್ರ,” ಎಂದರು ಅಕ್ಕೋರು. “ಆದ್ರ ಕಂಡದ್ದೆಲ್ಲಾ ಬರೀತೇನಿ. ಅದಕ್ಕ ಒಪ್ಪಿಗಿ ಇದ್ರ ಮಾತ್ರ.”

“ಅಯ್ಯ, ಕಂಡದ್ದನ್ನ ಬರೀರಿ ಅಂತನ ಕರ್ಯಾಕ ಬಂದೇವಲ್ರಿ!” ಎಂದು ದೊಡ್ಡಪ್ಪ ನಕ್ಕ. ಈ ಮಾತನ್ನು ಅವನು ಆಮೇಲೆ ಮರೆತ. ನಾನು ಮರೆತಿಲ್ಲ.

ಅಕ್ಕೋರ ಕೆಲಸದ ರೀತಿಯೇ ಬೇರೆ. ಒಂದು ಹಂಗಾಮಿನಲ್ಲಿ ನೋಡಿದ್ದನ್ನು ಅವರು ನೋಡಿದ್ದೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮುಂಗಾರಿನಿಂದ ಬೇಸಿಗೆಯವರೆಗೆ ಇಡೀ ವರ್ಷ ಗಾಯರಾಣ ಸುತ್ತಿದರು. ಒಬ್ಬರನ್ನು ಕೇಳಿದ ಪ್ರಶ್ನೆಯನ್ನು ಅದೇ ವ್ಯಕ್ತಿಗೆ ಇನ್ನೊಂದು ಜಾಗದಲ್ಲಿ, ಬೇರೆ ಜನರ ನಡುವೆ ಮತ್ತೊಮ್ಮೆ ಕೇಳುತ್ತಿದ್ದರು. ಎರಡು ಉತ್ತರ ಬೇರೆಯಾದರೆ ಯಾವುದನ್ನೂ ಹೊಡೆದುಹಾಕುತ್ತಿರಲಿಲ್ಲ. “ಸುಳ್ಳ ಹೇಳ್ಯಾರ ಅನಬ್ಯಾಡ ತಂಗಿ. ಅಲ್ಲಿ ಯಾಕ ಹಂಗಂದ್ರು, ಇಲ್ಲಿ ಯಾಕ ಹಿಂಗಂದ್ರು, ಅದನ್ನ ನೋಡು” ಎನ್ನುತ್ತಿದ್ದರು. ಮಾತಾಡುವಾಗ ಅವರ ಕೈಯಲ್ಲಿ ಪೆನ್ನು ಇರುತ್ತಿರಲಿಲ್ಲ. ಎದುರಿನವರು ಕಸಬರಿಗೆ ಕಟ್ಟುತ್ತಿದ್ದರೆ ಇವರೂ ಕಟ್ಟಲು ಕೂಡುತ್ತಿದ್ದರು. ಸಂಜೆ ಹಲಗೇರಿಯ ಬಸ್ಸಿಗೆ ಕಾಯುವಾಗ ನಾವಿಬ್ಬರೂ ಬೇರೆ ಬೇರೆ ಕುಳಿತು ಕೇಳಿದ್ದನ್ನು ಬರೆಯಬೇಕು. ಆಮೇಲೆ ತಾಳೆ ನೋಡಬೇಕು. ತಾಳೆಯಾಗದ್ದನ್ನು ಮರುದಿನ ಮತ್ತೆ ಕೇಳಬೇಕು.

ಗಾಯರಾಣದ ಬೆಲೆಯನ್ನು ಒಳ್ಳೆಯ ವರ್ಷ ನೋಡಿ ಕಟ್ಟಬಾರದು, ಮಳೆ ಕೈಕೊಟ್ಟ ವರ್ಷ ಊರು ಏನು ಮಾಡಿತು ಎಂದು ಕೇಳಬೇಕು ಎಂಬುದು ಅವರ ವಾದ. ಆದರೆ ಕೆಟ್ಟ ವರ್ಷಗಳು ನೆನಪಿನಲ್ಲಿ ಒಂದರೊಳಗೊಂದು ಸೇರಿಹೋಗುತ್ತವೆ. ಅದಕ್ಕೆ ಅವರು ಮಳೆಯಿಂದ ಶುರುಮಾಡದೆ, “ಹಿರೇ ಮಗಳ ಲಗ್ನ ಮಾಡಿದ ವರ್ಷ ಕೊಟ್ಟಿಗ್ಯಾಗ ಯಾವ್ಯಾವ ದನ ಇದ್ದೂವ್ರಿ?” ಎಂದು ಕೇಳುತ್ತಿದ್ದರು. ದನದಿಂದ ಮೇವಿಗೆ, ಮೇವಿನಿಂದ ಮಳೆಗೆ ಬರುತ್ತಿದ್ದರು. ಹೊಲದಲ್ಲಿ ಮೇವಿಗೆ ಜೋಳದ ಕಣಿಕೆ ಇಲ್ಲದ ವರ್ಷ ಊರಿನ ಅರ್ಧ ಜಾನುವಾರು ಗಾಯರಾಣದ ಒಣಹುಲ್ಲಿನ ಮೇಲೆ ಬದುಕಿದ್ದು ಹೀಗೆ ತಿಳಿಯಿತು. ಮಳೆ ಮೊದಲಿನಂತಿಲ್ಲ, ಇಂಥ ವರ್ಷಗಳು ಹೆಚ್ಚುತ್ತಿವೆ ಎಂದು ಹಿರಿಯರೆಲ್ಲ ಒಂದೇ ಬಾಯಲ್ಲಿ ಹೇಳಿದರು. ನಮ್ಮ ವಾದಕ್ಕೆ ಅದಕ್ಕಿಂತ ಒಳ್ಳೆಯ ಆಧಾರವಿರಲಿಲ್ಲ. ಅಕ್ಕೋರು ಮಳೆಮಾಪನದ ಹಳೆಯ ದಾಖಲೆ ತರಿಸಿ ನೋಡಿ, “ಹಿರಿಯರ ಅಭಿಪ್ರಾಯ ಹೀಗಿದೆ, ದಾಖಲೆಯಿಂದ ಅದನ್ನು ಖಚಿತವಾಗಿ ಹೇಳಲಾಗದು” ಎಂದು ಬರೆದರು. ನಮಗೆ ಅನುಕೂಲವಾದ ಮಾತೆಂಬ ಕಾರಣಕ್ಕೆ ಅದಕ್ಕೊಂದು ರಿಯಾಯಿತಿ ಅವರಲ್ಲಿ ಇರಲಿಲ್ಲ.

ಮಾರ್ಚಿನಲ್ಲಿ ಗಾಯರಾಣ ಯಾಕೆ ಬರಿದಾಗಿರುತ್ತದೆ ಎಂಬುದಕ್ಕೆ ಉತ್ತರ ಬ್ಯಾಡಗಿಯಲ್ಲಿತ್ತು. ಆ ತಿಂಗಳುಗಳಲ್ಲಿ ದನಕುರಿಗಳನ್ನು ಗೊಬ್ಬರಕ್ಕೆಂದು ಕೊಯ್ಲಾದ ಹೊಲಗಳಲ್ಲಿ ನಿಲ್ಲಿಸಿರುತ್ತಾರೆ. ಹುಲ್ಲು, ಸೆಗಣಿ, ಈಚಲ ಗರಿ ಎಂದು ಗಾಯರಾಣಕ್ಕೆ ಹೋಗುವ ಹೆಂಗಸರೆಲ್ಲ ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗಿರುತ್ತಾರೆ. ಅಕ್ಕೋರೂ ಅಲ್ಲಿಗೇ ಹೋದರು. ಅಂಗಡಿಯ ಅಂಗಳದಲ್ಲಿ ರಾಶಿಯ ಮುಂದೆ ಕುಳಿತು ತೊಟ್ಟು ಮುರಿಯುತ್ತ, ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಪ್ರಶ್ನೆ ಕೇಳಿದರು.

ನಮ್ಮೂರಿನ ಒಬ್ಬ ಹೆಂಗಸು ಅಲ್ಲಿದ್ದಳು. ತುಂಡು ಹೊಲವಿಲ್ಲ, ನಾಲ್ಕಾರು ಆಡು ಸಾಕಿದ್ದಳು. ಅವಳನ್ನು ಫಕ್ಕೀರವ್ವ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಯಾಕೆ ಅಲ್ಲ ಎಂಬುದು ಮುಂದೆ ತಿಳಿಯುತ್ತದೆ.

“ಸೀನಬ್ಯಾಡ್ರಿ ಅಕ್ಕೋರ,” ಎಂದಳು ಫಕ್ಕೀರವ್ವ. “ನಮ್ಮ ಸಾವಕಾರ ಸೀನಿದ್ದಕ್ಕೂ ಕೂಲಿ ಮುರಕೋತಾನ.”

ಹೆಂಗಸರೆಲ್ಲ ನಕ್ಕರು. ನಗು ಇಳಿದ ಮೇಲೆ ಅಕ್ಕೋರು ಕೇಳಿದರು: “ಗಾಯರಾಣ ಈಗ ಖಾಲಿ ಐತಂತ ಹೌದೇನವ್ವ?”

“ಖಾಲಿ ಅಂದ್ರ? ನನ್ನ ಮನೀನೂ ಈಗ ಖಾಲಿನ ಐತ್ರಿ. ಕೀಲಿ ಹಾಕಿ ಬಂದೇನಿ. ಹಂಗಂತ ಒಳಗ ಹೊಕ್ಕು ನೀಲಗಿರಿ ಹಚ್ಚತಾರೇನ್ರಿ?”

“ಆಡು ಎಲ್ಲಾ ಕಡೆ ಮೇಸತೀಯೇನು?”

ಈ ಪ್ರಶ್ನೆಯನ್ನು ಊರ ಕಟ್ಟೆಯ ಮುಂದೆಯೂ ಕೇಳಿದ್ದೆವು. ಆಗ ದೊಡ್ಡಪ್ಪ ಪಕ್ಕದಲ್ಲಿ ಕುಳಿತಿದ್ದ. “ಎಲ್ಲಾ ಕಡೆ ಮೇಸತೇನ್ರಿ, ಏನೂ ತಂಟಿ ಇಲ್ಲ” ಎಂದಿದ್ದಳು. ಇಲ್ಲಿ ಅವಳು ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅಕ್ಕೋರ ಕಡೆ.

“ಹಳ್ಳದ ಕಡಿ ಹೋಗೂಹಂಗಿಲ್ರಿ. ಅಲ್ಲಿ ಗೌಡ್ರು ಮೂರ್ನಾಕ ವರ್ಷದಿಂದ ನೇಗಿಲಾ ಹೊಡಸ್ಯಾರ. ಆಡ ಹೊಕ್ಕರ ಆಳ ಬಂದು ಕಲ್ಲ ಒಗೀತಾರ. ನೀವು ಕೇಳಿದ್ರಿ ಅಂತ ಹೇಳೇನಿ. ನಾ ಹೇಳೇನಿ ಅಂತ ಹೇಳಬ್ಯಾಡ್ರಿ. ಊರಾಗ ಬಾಳೇ ಮಾಡಬೇಕಲ್ರಿ.”

ಗೌಡರೆಂದರೆ ನನ್ನ ದೊಡ್ಡಪ್ಪ. ಮರುದಿನ ಅಕ್ಕೋರು ನನ್ನನ್ನು ಕರೆದುಕೊಂಡು ಹಳ್ಳದ ಕಡೆಗೆ ಹೋಗಿ ಉಳುಮೆಯ ಸಾಲುಗಳನ್ನು ಕಣ್ಣಾರೆ ನೋಡಿದರು.

ಬರೆದದ್ದನ್ನು ಸಮಿತಿಗೆ ಕೊಡುವ ಮೊದಲು ಊರಿಗೆ ಓದಿ ಹೇಳಬೇಕೆಂಬುದು ಅವರ ನಿಯಮ. ನಮ್ಮ ಮನೆಯ ಪಡಸಾಲೆಯಲ್ಲಿ ಓದಿದರು. ಹುಲ್ಲು, ಈಚಲು, ಮಳೆ ಕೈಕೊಟ್ಟ ವರ್ಷ, ಎಲ್ಲಕ್ಕೂ ತಲೆಗಳು ಆಡಿದವು. ಹಳ್ಳದ ಕಡೆಯ ಉಳುಮೆಯ ಭಾಗ ಬಂದಾಗ ಎಲೆ ಅಡಿಕೆ ಹಾಕುತ್ತಿದ್ದವರ ಬಾಯಿ ನಿಂತಿತು.

“ಯಾರು ಹೇಳಿದ್ರಿ ಇದನ್ನ?” ಎಂದ ದೊಡ್ಡಪ್ಪ.

“ನಾನ ನೋಡೇನ್ರಿ. ಸಾಲು ಎದ್ದು ಕಾಣತಾವಲ್ರಿ.”

“ಹಳ್ಳದ ಕಡೀ ಹೋಗ್ರಿ ಅಂತ ನಿಮಗ ಯಾರೋ ಹೇಳಿರಬೇಕು. ಹೆಸರ ಹೇಳ್ರಿ.”

“ಹೆಸರು ಕೊಡೂದಿಲ್ರಿ ಗೌಡ್ರ. ಸಿಟ್ಟು ಮಾಡೂದಿದ್ರ ನನ್ನ ಮ್ಯಾಲ ಮಾಡ್ರಿ, ಬರದಾಕಿ ನಾನು.”

ದೊಡ್ಡಪ್ಪ ದನಿ ತಗ್ಗಿಸಿದ. “ಅಕ್ಕೋರ, ಊರ ನಿಮ್ಮನ್ನ ನಂಬೇತಿ. ಊರ ಸಲುವಾಗಿ ಅದೊಂದು ಪುಟ ಬಿಡಾಕ ಆಗೂದಿಲ್ಲೇನ್ರಿ?”

“ಬಿಟ್ಟರ ನಾಳೆ ಅವರು ಬಂದು ತಾವ ನೋಡತಾರ. ಇದನ್ನ ಮುಚ್ಚಿಟ್ಟಾರ, ಉಳಿದದ್ದೂ ಸುಳ್ಳ ಅಂತಾರ. ಈ ಹೆಣ್ಮಕ್ಕಳು ಹೇಳಿದ್ದೆಲ್ಲಾ ನೀರಾಗ ಹೋಗತೈತ್ರಿ.” ಹಾಳೆ ಕೆಳಗಿಟ್ಟು ಅಂದರು: “ನೀವು ಈಗ್ಲೆ ಬಿಟ್ಟುಕೊಡ್ರಿ. ‘ಬಿಟ್ಟುಕೊಟ್ಟಾರ’ ಅಂತ ಒಂದು ಸಾಲು ಕೂಡಸ್ತೇನಿ. ಅಷ್ಟು ಖುಷಿಲೆ ನಾ ಮತ್ತೇನೂ ಬರ್ದಿರೂದಿಲ್ಲ.”

ದೊಡ್ಡಪ್ಪ ಬಿಟ್ಟುಕೊಡಲಿಲ್ಲ. ಅಕ್ಕೋರು ಹೋದ ಮೇಲೆ ಆ ಹೆಸರನ್ನು ನನ್ನಲ್ಲಿ ಕೇಳಿದ. ನಾನೂ ಹೇಳಲಿಲ್ಲ. ವರ್ಷಗಟ್ಟಲೆ ಅವನು ನನ್ನೊಡನೆ ಮಾತು ಬಿಟ್ಟ. ಊರಲ್ಲಿ ಅಕ್ಕೋರಿಗೆ ಚಹಾ ಕೊಡುವ ಮನೆಗಳೂ ಕಡಿಮೆಯಾದವು.

ಹಾವೇರಿಯಲ್ಲಿ ಸಮಿತಿ ಸಭೆ ಸೇರಿತು. ಅಕ್ಕೋರಿಗೆ ಕುರ್ಚಿ ತೋರಿಸಿದವರಿಲ್ಲ. ಬಾಗಿಲ ಬಳಿಯ ಬೆಂಚು ಖಾಲಿಯಿತ್ತು, ಅಲ್ಲಿ ಕುಳಿತೆವು. ವರದಿಯ ಹಾಳೆ ತಿರುವಿದ ಅಧಿಕಾರಿ ಮೇಲೆ ನೋಡದೆ ಕೇಳಿದರು: “ಬ್ಯಾಡಗಿಗೆ ಯಾಕ್ರಿ ಹೋಗಿದ್ರಿ? ಜಮೀನು ಅಲ್ಲಿ ಐತೇನು?”

“ಜಮೀನು ಬಳಸೋ ಜನ ಅಲ್ಲಿದ್ರು ಸರ್.”

“ಹೇಳಿದವರ ಹೆಸರಿಲ್ಲ, ಸಹಿ ಇಲ್ಲ. ಮೆಣಸಿನಕಾಯಿ ರಾಶಿ ಮುಂದ ಹೆಂಗಸರು ಹೊಡೆಯೋ ಹರಟಿ ಅಧ್ಯಯನ ಆಗತೈತೇನ್ರಿ?”

ಪಕ್ಕದಲ್ಲಿದ್ದ ಸದಸ್ಯರು ನಕ್ಕರು. ಅವರ ನಗು ಮುಗಿಯುವವರೆಗೆ ಕಾದು, ಯಾವ ಪ್ರಶ್ನೆಯನ್ನು ಎಲ್ಲೆಲ್ಲಿ ಕೇಳಲಾಯಿತು, ಉತ್ತರಗಳು ಎಲ್ಲಿ ಕೂಡಿದವು, ಎಲ್ಲಿ ಕೂಡಲಿಲ್ಲ ಎಂಬುದನ್ನು ಅಕ್ಕೋರು ಒಂದೊಂದಾಗಿ ವಿವರಿಸಿದರು. ದನಿ ಏರಲಿಲ್ಲ. ಅವರ ಕೆಂಪು ಬೆರಳುಗಳು ಮಾತ್ರ ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

ಸಮಿತಿಯ ತೀರ್ಮಾನ ಬಂತು. ಗ್ರಾಮಸ್ಥರು ತಂದ ಅಧ್ಯಯನದಿಂದಲೇ ತಿಳಿಯುವಂತೆ ಗಾಯರಾಣದ ಒಂದು ಭಾಗ ಒತ್ತುವರಿಯಾಗಿದೆ; ಆದುದರಿಂದ ಅದು ಗಾಯರಾಣವಾಗಿ ಉಳಿದಿಲ್ಲ; ಜಮೀನನ್ನು ನೆಡುತೋಪಿಗೆ ಕೊಡಲು ಅಡ್ಡಿಯಿಲ್ಲ. ಹುಲ್ಲಿನ ಮಾತಿಲ್ಲ. ಮಳೆ ಕೈಕೊಟ್ಟ ವರ್ಷದ ಮಾತಿಲ್ಲ.

ತಂತಿ ಬೇಲಿ ಬಂತು, ಸಸಿ ಬಂದವು, ಕಾವಲುಗಾರ ಬಂದ. ಫಕ್ಕೀರವ್ವ ಆಡುಗಳನ್ನು ಮಾರಿದಳು. ಹಳ್ಳದ ಕಡೆಯ ಉಳುಮೆ ತಂತಿಯ ಹೊರಗೇ ಉಳಿಯಿತು. ಮುಂದೆ ಸಕ್ರಮ ಮಾಡಿಕೊಡುವ ಕಾಲ ಬಂದಾಗ ಅದು ನನ್ನ ದೊಡ್ಡಪ್ಪನ ಹೆಸರಿಗಾಯಿತು. ಅವನೇ ಊರ ಕಟ್ಟೆಯ ಮೇಲೆ ಕುಳಿತು, “ಆ ಅಕ್ಕ ಬರೆದದ್ದಕ್ಕ ಗಾಯರಾಣ ಹೋತು ನೋಡ್ರಿ” ಎಂದು ಸಾಯುವವರೆಗೂ ಹೇಳಿದ. ಕೇಳಿದವರು ನಂಬಿದರು. ನಂಬುವುದು ಅವರಿಗೂ ಸುಲಭವಾಗಿತ್ತು.

ಒಮ್ಮೆ ರಾಣೆಬೆನ್ನೂರಿನ ಅವರ ಮನೆಯಲ್ಲಿ ನಾನು ಕೇಳಿಯೇ ಬಿಟ್ಟೆ. “ಆ ಪುಟ ಬಿಟ್ಟಿದ್ರ ಉಳೀತಿತ್ತೇನ್ರಿ ಅಕ್ಕೋರ?”

ಅವರು ಕಪ್ಪು ಕೆಳಗಿಟ್ಟರು. “ಗೊತ್ತಿಲ್ಲ ತಂಗಿ. ಉಳೀತಿತ್ತೇನೋ. ಉಳೀತಿರಲಿಲ್ಲ ಅಂತ ಹೇಳಾಕ ನನ್ನ ಹತ್ರ ಆಧಾರ ಇಲ್ಲ.” ಒಳಗಿನಿಂದ ತಂಗಿ ಉರ್ದುವಿನಲ್ಲಿ ಏನೋ ಕೇಳಿದರು; ಉತ್ತರ ಕೊಟ್ಟು ನನ್ನ ಕಡೆ ತಿರುಗಿದರು. “ಆದ್ರ ಬ್ಯಾಡಗ್ಯಾಗ ಆಕಿ ನನಗ ಎರಡು ಮಾತು ಹೇಳಿದ್ಲು. ಒಂದು ಬರದು ಒಂದು ಬಿಟ್ಟಿದ್ರ, ಆಕಿನ್ನ ಅರ್ಧಾ ಕೇಳಿದಂಗ ಆಗತಿತ್ತು.”

ತಮ್ಮನ್ನು ಸಮರ್ಥಿಸಿಕೊಳ್ಳಲೂ ಅವರು ಆಧಾರವಿಲ್ಲದ ಮಾತು ಆಡಲಿಲ್ಲ. ನಾನು ಮುಂದೆ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಾಗ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮಕ್ಕಳ ಮುಂದೆ ಹೇಳುವ ಧೈರ್ಯ ಬಂದದ್ದು ಆ ಮಧ್ಯಾಹ್ನದಿಂದ.

ಹಾವೇರಿ ಜಿಲ್ಲೆಯಾದ ಮರುವರ್ಷ ಅಕ್ಕೋರು ತೀರಿಕೊಂಡರು. ನಮ್ಮ ಊರಿನ ಗಂಡಸರಲ್ಲಿ ಒಬ್ಬರೂ ಬರಲಿಲ್ಲ. ಯಾರ್‍ಯಾರು ಬರಬೇಕಿತ್ತೆಂದು ನನಗೆ ಗೊತ್ತಿದೆ. ಫಕ್ಕೀರವ್ವ ಬಂದಿದ್ದಳು. ಹೆಂಗಸರ ನಡುವೆ ಗೋಡೆಗೆ ಒರಗಿ ಕುಳಿತಿದ್ದಳು. ಹೊರಡುವಾಗ ನನ್ನ ಕೈ ಹಿಡಿದು, “ಕಡೀತನಕ ಹೆಸರ ಹೇಳಲಿಲ್ಲ ನೋಡವ್ವ. ಬೈಸಿಕೊಂಡ ಹೋದ್ರು” ಎಂದಳು. ಅವಳೂ ಈಗಿಲ್ಲ. ಅವಳ ಮಕ್ಕಳು ಊರಲ್ಲಿದ್ದಾರೆ, ಆದ್ದರಿಂದ ಆ ಹೆಸರನ್ನು ನಾನೂ ಬರೆಯುವುದಿಲ್ಲ.

ಸಮಿತಿಯಲ್ಲಿ ಕುಳಿತಿದ್ದವರಲ್ಲಿ ಕೆಲವರು ನಿವೃತ್ತರಾಗಿ ನೆಮ್ಮದಿಯಿಂದಿದ್ದಾರೆಂದು ಕೇಳಿದ್ದೇನೆ. ಅವರಿಗೆ ನನ್ನದೊಂದು ಪ್ರಶ್ನೆ. ಒಬ್ಬಳೇ ಹೆಂಗಸು, ಒಂದೇ ಮಧ್ಯಾಹ್ನ, ಒಂದೇ ರಾಶಿಯ ಮುಂದೆ ಕುಳಿತು ಎರಡು ಮಾತು ಹೇಳಿದಳು. ಗಾಯರಾಣ ಖಾಲಿಯಲ್ಲ ಎಂದದ್ದು ನಿಮಗೆ ಹರಟೆಯಾಯಿತು. ಅದರ ಒಂದು ಮೂಲೆಯನ್ನು ಗೌಡರು ಉತ್ತಿದ್ದಾರೆ ಎಂದದ್ದು ಪುರಾವೆಯಾಯಿತು. ಎರಡರ ಕೆಳಗೂ ಹೆಸರಿರಲಿಲ್ಲ, ಎರಡರ ಕೆಳಗೂ ಸಹಿಯಿರಲಿಲ್ಲ. ಹಾಗಾದರೆ, ಮಹನೀಯರೇ, ಒಂದನ್ನು ನಂಬಿ ಇನ್ನೊಂದನ್ನು ನಕ್ಕು ತಳ್ಳಿದ ನಿಮ್ಮ ಅಧ್ಯಯನದ ಪದ್ಧತಿ ಯಾವುದು?