ಯಾವ ದೇವರ ಹರಕೆ?

“ಯಾವ ದೇವ್ರಿಗೆ ಹರಕೆ ಹೊತ್ತಿದೀಯವ್ವ?”

ಜೋಗಿಮಟ್ಟಿ ರಸ್ತೆಯಲ್ಲಿ ಬೆಳಗಿನ ವಾಕಿಂಗ್ ಹೋದವಳು ಕಣ್ಣು ಕತ್ತಲೆ ಬಂದು ಮೋರಿಕಟ್ಟೆಯ ಮೇಲೆ ಕುಳಿತಿದ್ದೆ. ಕುರಿ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ಏನಾಯಿತೆಂದು ವಿಚಾರಿಸಿದರು. ನಿನ್ನೆಯಿಂದ ಎರಡು ಲೋಟ ಮಜ್ಜಿಗೆ ಬಿಟ್ಟು ಏನೂ ತಿಂದಿಲ್ಲ ಎಂದೆ. ಅದಕ್ಕೇ ಆ ಪ್ರಶ್ನೆ.

ಹರಕೆಯಲ್ಲ, ಮೈ ಇಳಿಸುವುದಕ್ಕೆ ಎಂದಾಗ ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ನನಗೂ ಗೊಂದಲವೇ. ಅನ್ನ, ಮುದ್ದೆ ಬಿಟ್ಟು ಎರಡು ತಿಂಗಳಾಗಿತ್ತು. ಮೊದಲು ಮೂರು ಕೆಜಿ ಇಳಿದಿದ್ದೆ, ಆಮೇಲೆ ತೂಕದ ಮುಳ್ಳು ಅಲ್ಲಾಡಿರಲಿಲ್ಲ. ಇನ್ನೂ ಕಡಿಮೆ ತಿಂದೆ, ಆಗಲೂ ಇಲ್ಲ. ಯಾಕಿರಬಹುದು ಎಂದು ಅಜ್ಜಿಯನ್ನೇ ಕೇಳಿಬಿಟ್ಟೆ.

ಅವರು ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಕೈಗಿಟ್ಟರು. “ಮೇವಿಲ್ದಾಗ ಕುರಿ ಏನ್ ಮಾಡ್ತವೆ ಗೊತ್ತೈತಾ? ನೆಳ್ಳು ಹುಡುಕ್ಕಂಡು ಮಲಗ್ತವೆ. ಎಬ್ಬಿಸಿದ್ರೂ ಏಳಲ್ಲ. ನೀನೂ ಮನ್ಯಾಗೆ ಹಂಗೇ ಬಿದ್ದಿರ್ತೀಯೇನೊ, ನೋಡ್ಕ.”

ನನ್ನನ್ನು ಕುರಿಗೆ ಹೋಲಿಸಿದ್ದಕ್ಕೆ ಸಿಟ್ಟು ಬಂತು. ಆದರೆ ರೊಟ್ಟಿ ಅಗಿಯುತ್ತಾ ಯೋಚಿಸಿದರೆ, ಊಟವಾದ ಮೇಲೆ ಎಂದೂ ಮಲಗದವಳಿಗೆ ಮಧ್ಯಾಹ್ನದ ನಿದ್ದೆ ಅಂಟಿಕೊಂಡದ್ದು ಈ ಎರಡು ತಿಂಗಳಲ್ಲೇ. ಕೂಗಳತೆಯ ತರಕಾರಿ ಅಂಗಡಿಗೆ ಆಟೊ ಹತ್ತತೊಡಗಿದ್ದೂ, ನೆಲ ಒರೆಸುವುದನ್ನು ಮಗಳಿಗೆ ವಹಿಸಿದ್ದೂ ಆಗಿನಿಂದಲೇ.

ಮರುದಿನ ಮಧ್ಯಾಹ್ನ ತಟ್ಟೆಯಲ್ಲಿದ್ದ ಮುದ್ದೆಯನ್ನು ನೋಡುತ್ತಾ ಬಹಳ ಹೊತ್ತು ಕೂತೆ. ತಿಂದರೆ ಇಳಿಯುತ್ತೇನೋ, ಬಿಟ್ಟರೆ ಇಳಿಯುತ್ತೇನೋ, ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ. ತಿಂದೆ. ಆಮೇಲೆ ಮಲಗಲಿಲ್ಲ, ನಡೆದೇ ಹೋಗಿ ತರಕಾರಿ ತಂದೆ.